ಹಳೇ ಕಾಗದ ಇದ್ದರೆ ಕೊಡಿ

ಹೋದ ಗುರುವಾರ ಬೆಳಿಗ್ಗೆ ಪಕ್ಕದ ಮನೆಯ ಸೊಸೆ ಗೇಟಿನ ಹತ್ತಿರ ನಿಂತು, "ಆಂಟಿ, ಹಳೇ ಕಾಗದ ಇದ್ರೆ ಕೊಡ್ತೀರಾ? ಪಾಪು ಸ್ಕೂಲಲ್ಲಿ ಒರಿಗಾಮಿ ಮಾಡಿಸ್ತಾರಂತೆ. ಹೊಸ ಪೇಪರ್ ತರಬಾರ್ದಂತೆ, ಹಳೇದನ್ನೇ ರೀಸೈಕಲ್ ಮಾಡ್ಬೇಕಂತೆ" ಅಂದಳು. ಕೇಳಿದ್ದು ಇಷ್ಟೇ. ವರಾಂಡದ ಕುರ್ಚಿಯ ಮೇಲೆ ಮೂರು ತಿಂಗಳ ಪೇಪರ್ ಪೇರಿಸಿಟ್ಟಿತ್ತು, ಎತ್ತಿ ಕೊಟ್ಟರೆ ಮುಗಿಯುತ್ತಿತ್ತು. ನಾನು ಗೇಟಿನ ಚಿಲಕ ಹಿಡಿದುಕೊಂಡೇ ನಿಂತೆ. "ಕಾಗದ ಅನ್ನಬೇಡಮ್ಮ, ಪೇಪರ್ ಅನ್ನು" ಅಂದೆ.

ಅವಳು ನಕ್ಕಳು. ನಗದೆ ಏನು? ಚಾಮರಾಜನಗರದ ಈ ಬೀದಿಯವರೆಲ್ಲ "ಆಂಟಿ, ಸ್ವಲ್ಪ ಕನ್ನಡದಲ್ಲಿ ಹೇಳಿ" ಅಂತ ನನ್ನನ್ನೇ ರೇಗಿಸುವವರು. ಮೈಸೂರಿನ ಕಾನ್ವೆಂಟ್ ಹಾಸ್ಟೆಲ್ಲಿನಲ್ಲಿ ಹನ್ನೊಂದು ವರ್ಷ ಪಳಗಿದ ನಾಲಿಗೆ ಇದು. ಎಪ್ಪತ್ತು ದಾಟಿದರೂ, ಕಾಲು ಎಡವಿದರೆ "ಅಮ್ಮಾ" ಅನ್ನುವುದಕ್ಕೆ ಮೊದಲು "ಔಚ್" ಅನ್ನುತ್ತೆ. ಅವಳು ಕಟ್ಟು ಎತ್ತಿಕೊಂಡು ಹೋದಳು. ಕಟ್ಟು ಇದ್ದ ಜಾಗದಿಂದ ಒಂದು ವಾಸನೆ ಎದ್ದಿತು. ಹಳಸಿದ ಗಂಜಿ, ಧೂಳು, ಸ್ವಲ್ಪ ಸೀಮೆಎಣ್ಣೆ ಸೇರಿದಂಥ ವಾಸನೆ. ನಾನು ಅಲ್ಲೇ ಕುರ್ಚಿಯಲ್ಲಿ ಕೂತೆ. ಗುಂಡ್ಲುಪೇಟೆಯ ಒಂದು ಮಟಮಟ ಮಧ್ಯಾಹ್ನ ಬಂದು ನನ್ನ ಎದುರಿಗೆ ಕೂತಿತು.

ನೀವೇ ಯೋಚಿಸಿ ನೋಡಿ, ಇಂಗ್ಲಿಷಿನಲ್ಲಿ ಪೇಪರ್ ಬೇರೆ, ಲೆಟರ್ ಬೇರೆ. ನಮಗೆ ಎರಡೂ ಕಾಗದವೇ. ಅಂಗಡಿಯವನು ಬೋಂಡ ಸುತ್ತಿ ಕೊಡುವುದೂ ಕಾಗದ, ತವರಿನಿಂದ ಬರುವುದೂ ಕಾಗದ. ಹೇಳುವವರ ಮುಖ ನೋಡಿ ಯಾವುದು ಅಂತ ತಿಳಿದುಕೊಳ್ಳುತ್ತೇವೆ, ಅಷ್ಟೇ. ಸುಮಾರು ನಲವತ್ತು ವರ್ಷದ ಹಿಂದೆ ಆ ಮಾತನ್ನು ನಾನು ಒಬ್ಬಳ ಮುಖ ನೋಡದೆ ಹೇಳಿದೆ. ಅವಳು ನನ್ನ ಮುಖ ನೋಡಿ ಕೇಳಿಸಿಕೊಂಡಳು.

ಕಾಗದ ಮಡಚುವ ಹುಚ್ಚು ನನಗೆ ಹತ್ತಿದ್ದು ಕಾನ್ವೆಂಟಿನಲ್ಲಿ. ಒರಿಗಾಮಿ ಅನ್ನುವ ಹೆಸರು ಆಗ ಯಾರಿಗೆ ಗೊತ್ತಿತ್ತು? ನಾವು ಪೇಪರ್ ಫೋಲ್ಡಿಂಗ್ ಅನ್ನುತ್ತಿದ್ದೆವು. ಕ್ರಾಫ್ಟ್ ಕಲಿಸುತ್ತಿದ್ದ ಸಿಸ್ಟರ್ ಕೇರಳದವರು, ಕಡ್ಡಿಯಂಥ ಮೈ, ಬೆರಳು ಮಾತ್ರ ಬೆಣ್ಣೆ. ಹಳೇ ಆನ್ಸರ್ ಪೇಪರು, ಹೋದ ವರ್ಷದ ಕ್ಯಾಲೆಂಡರು, ಬ್ರೆಡ್ಡಿನ ಸುತ್ತು, ಯಾವುದನ್ನೂ ಎಸೆಯುವ ಹಾಗಿರಲಿಲ್ಲ. ಮೊದಲು ಚೌಕ ಮಾಡಬೇಕು. ಮೂಲೆ ಹಿಡಿದು ಎದುರಿನ ಅಂಚಿಗೆ ಕೂಡಿಸಿ, ಹೆಚ್ಚಾಗಿ ಉಳಿದ ಪಟ್ಟಿಯನ್ನು ಕತ್ತರಿಸಬೇಕು. "ಸಿಸ್ಟರ್, ಈ ಪಟ್ಟಿ?" ಅಂದರೆ, "ದಟ್, ದ ಬರ್ಡ್ ಡಸ್ ನಾಟ್ ನೀಡ್" ಅನ್ನುತ್ತಿದ್ದರು. ಹಕ್ಕಿಗೆ ಬೇಡದ್ದು ಡಸ್ಟ್‌ಬಿನ್ನಿಗೆ. ನಾನು ಒಬೀಡಿಯೆಂಟ್ ಹುಡುಗಿ. ಸಿಸ್ಟರ್ ಹೇಳಿದ್ದನ್ನು ಮದುವೆಯಾದ ಮೇಲೂ ಪಾಲಿಸಿದೆ.

ನಮ್ಮವರಿಗೆ ಗುಂಡ್ಲುಪೇಟೆಗೆ ವರ್ಗವಾದಾಗ, ಊಟಿ ರಸ್ತೆಗೆ ಎರಡು ಬೀದಿ ಹಿಂದೆ ಒಂದು ಹೆಂಚಿನ ಮನೆ ಹಿಡಿದೆವು. ಕೆಂಪು ಗಾರೆಯ ವರಾಂಡ, ಮೇಲೆ ಒಂದು ಉದ್ದನೆಯ ತೊಲೆ. ಹಿತ್ತಿಲಿನಾಚೆ ರತ್ನಕ್ಕನ ಮನೆ. ಎರಡು ಎಮ್ಮೆ, ಮಾತಾಡದ ಗಂಡ, ಒಬ್ಬ ಸಣ್ಣ ಮಗ, ಪಕ್ಕದಲ್ಲೇ ಇದ್ದ ಇಬ್ಬರು ಅಣ್ಣಂದಿರು. ಬೆಳಿಗ್ಗೆ ಹಾಲು ಹಾಕುವಳು, ಮಧ್ಯಾಹ್ನ ಕೆಲಸ ಮುಗಿಸಿ ನಮ್ಮ ವರಾಂಡದಲ್ಲಿ ಬಂದು ಕೂರುವಳು. ನನಗಿಂತ ಎಂಟು ಹತ್ತು ವರ್ಷ ದೊಡ್ಡವಳು, ಆದರೂ ನಾನು ಅವಳಿಗೆ ಅಮ್ಮಾವ್ರು. ಓದಲು ಬರೆಯಲು ಬಾರದವರಿಗೆ ಓದಿದವರ ಮೇಲೆ ಎಂಥ ನಂಬಿಕೆ ಇರುತ್ತದೆ ಅನ್ನುವುದು ಆಗ ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಸ್ವಲ್ಪ ಕಡಿಮೆ ಜಂಬ ಪಡುತ್ತಿದ್ದೆನೋ ಏನೋ.

ಜಂಬದ ವಿಷಯ ಹೇಳಲೇಬೇಕು. ಒಂದು ದಿನ ಕೇರಳದ ತರಕಾರಿ ಲಾರಿಯವನೊಬ್ಬ ದಾರಿ ತಪ್ಪಿ ನಮ್ಮ ಬೀದಿಗೆ ಬಂದು ನೀರು ಕೇಳಿದ. ನಾನು ಮಲಯಾಳದಲ್ಲಿ ಎರಡು ಮಾತಾಡಿ ತಂಬಿಗೆ ಕೊಟ್ಟೆ. ರತ್ನಕ್ಕ ಕಣ್ಣು ಅಗಲಿಸಿ ನೋಡಿದಳು.

"ಅಮ್ಮಾವ್ರಿಗೆ ಮಲಯಾಳನೂ ಬತ್ತದಾ?"

"ಓ, ಫ್ಲೂಯೆಂಟಾಗಿ!"

ನಿಜ ಹೇಳಬೇಕೆಂದರೆ ನನಗೆ ಬರುತ್ತಿದ್ದುದು ಸಿಸ್ಟರುಗಳಿಂದ ಕಲಿತ ಒಂದು ಪ್ರಾರ್ಥನೆ, ಮತ್ತೆ ನೀರು, ಸಾಕು, ಬೇಗ ಬಾ. ಅಕ್ಷರವಂತೂ ಒಂದೂ ಗೊತ್ತಿರಲಿಲ್ಲ. ಅವು ನನ್ನ ಕಣ್ಣಿಗೆ ಜಿಲೇಬಿ.

ಇದಾಗಿ ವಾರವೂ ಆಗಿರಲಿಲ್ಲ. ಮಡಚಲು ಕಾಗದ ಮುಗಿದಿತ್ತು. ಹಾಲು ಹಾಕುತ್ತಿದ್ದ ರತ್ನಕ್ಕನಿಗೆ, ನಾನು ಪಾತ್ರೆ ನೋಡುತ್ತಾ, "ನಿಮ್ಮನೇಲಿ ಹಳೇ ಕಾಗದ ಇದ್ರೆ ಕೊಡಿ ರತ್ನಕ್ಕ" ಅಂದೆ.

ಹಾಲಿನ ಧಾರೆ ನಿಂತಿತು. "ಯಾರಂದ್ರು ನಿಮ್ಗೆ?"

"ಯಾರು ಅನ್ನೋದೇನು? ಎಲ್ಲರ ಮನೇಲೂ ಇರುತ್ತಲ್ಲ."

"ಎಲ್ರ ಮನೇಲೂ ಇರ್ತದಾ?" ಅಂದಳು. ಅವಳ ದನಿಯಲ್ಲಿ ಒಂದು ಥರದ ಸಮಾಧಾನ. ಹಾಲು ಅಳತೆಗಿಂತ ಜಾಸ್ತಿ ಬಿತ್ತು.

ಮಾರನೆಯ ದಿನ ಸೆರಗಿನ ಮರೆಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ತಂದು ಕೈಗಿಟ್ಟಳು. ಒಳಗೆ ಏಳು ಹಾಳೆ. ಒಂದು ಮಗ್ಗುಲಲ್ಲಿ ಮಲಯಾಳದ ಯಾವುದೋ ಪ್ರಿಂಟಾದ ನೋಟೀಸು, ಇನ್ನೊಂದು ಮಗ್ಗುಲಲ್ಲಿ ನೇರಳೆ ಇಂಕಿನ ಕೈಬರಹ, ಅದೂ ಜಿಲೇಬಿಯೇ. "ಯಾರ್ಗೂ ತೋರುಸ್ಬ್ಯಾಡಿ ಅಮ್ಮಾವ್ರೇ" ಅಂದಳು. ರದ್ದಿ ಕೊಡಲು ಎಷ್ಟು ನಾಚಿಕೆ ಪಾಪ, ಅಂದುಕೊಂಡೆ. ತೆರಕಣಾಂಬಿ ಮಾರ್ಕೆಟ್ಟಿನಲ್ಲಿ ಕೇರಳದ ಲಾರಿಗಳಿಂದ ಇಂಥ ಹಾಳೆ ಬೇಕಾದಷ್ಟು ಉದುರುತ್ತಿದ್ದವು. ನನಗೆ ಅನುಮಾನವೇ ಬರಲಿಲ್ಲ. ಏಳನ್ನೂ ಚೌಕ ಮಾಡಿದೆ. ಒಂದೊಂದರ ಅಡಿಯಿಂದ ನಾಲ್ಕು ಬೆರಳಗಲದ ಪಟ್ಟಿ ಕತ್ತರಿಸಿದೆ. ಏಳು ಪಟ್ಟಿಯನ್ನೂ ಬಚ್ಚಲ ಒಲೆಗೆ ಹಾಕಿ ಸ್ನಾನದ ನೀರು ಕಾಯಿಸಿದೆ. ಹಕ್ಕಿಗೆ ಬೇಡದ್ದು.

ಏಳು ಹಕ್ಕಿ ಆದವು. ತೂಕ ಸರಿಹೋಗುವ ಹಾಗೆ ಅದಲುಬದಲು ಮಾಡಿ, ಕಪ್ಪು ದಾರಕ್ಕೆ ಪೋಣಿಸಿ ವರಾಂಡದ ತೊಲೆಗೆ ಕಟ್ಟಿದೆ. ಅಂದಿನಿಂದ ಶುರುವಾಯಿತು ನೋಡಿ.

ಗುಂಡ್ಲುಪೇಟೆಯ ಬೇಸಿಗೆಯ ಮಧ್ಯಾಹ್ನ ನಿಮಗೆ ಗೊತ್ತೋ ಇಲ್ಲವೋ. ಗಾಳಿ ಎಲ್ಲೋ ಮಲಗಿಬಿಡುತ್ತದೆ. ಒಣಗಲು ಹಾಕಿದ ಸೀರೆ ಗೋಡೆಗೆ ಬಳಿದ ಬಣ್ಣದ ಹಾಗೆ ನೇತಾಡುತ್ತದೆ. ಅಂಥ ಹೊತ್ತಿನಲ್ಲಿ ಏಳೂ ಹಕ್ಕಿ ನಿಧಾನಕ್ಕೆ ತಿರುಗಿ, ಕೊಕ್ಕನ್ನು ಕೇರಳದ ಕಾಡಿನ ರಸ್ತೆಯ ಕಡೆಗೆ ಮಾಡಿ ನಿಲ್ಲುತ್ತಿದ್ದವು. ದಾರ ಬಿಚ್ಚಿ ತೊಲೆಯ ಆ ತುದಿಗೆ ಕಟ್ಟಿದೆ. ಅಲ್ಲೂ ಅದೇ ದಿಕ್ಕು. ಆಮೇಲೆ ಒಂದು ಸಣ್ಣ ಸದ್ದು. ಪಕ್ಕದ ಕೋಣೆಯಲ್ಲಿ ಯಾರೋ ಬಾಯಿಗೆ ಸೆರಗು ಮುಚ್ಚಿಕೊಂಡು ಮಾತಾಡಿದ ಹಾಗೆ. "ಗಾಳಿ ಕಣೇ" ಅಂದರು ನಮ್ಮವರು. ಒಂದು ದಿನ ಕುರ್ಚಿ ಹತ್ತಿ ಮುಟ್ಟಿ ನೋಡಿದೆ. ರೆಕ್ಕೆ ಗರಿಗರಿಯಾಗಿ ಒಣಗಿತ್ತು. ಏಳರ ಕೊಕ್ಕೂ ಒದ್ದೆ. ಮಾಯಿಶ್ಚರ್, ಸಿಂಪಲ್ ಸೈನ್ಸ್, ಅಂತ ಜೋರಾಗಿ ಹೇಳಿಕೊಂಡು ಇಳಿದೆ. ಯಾರಿಗೆ ಹೇಳಿದೆನೋ.

ರತ್ನಕ್ಕ ಈಗ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಬಂದು ಸರಿಯಾಗಿ ಹಕ್ಕಿಗಳ ಕೆಳಗೇ ಕೂರುವಳು. ನಾನು ಕುರ್ಚಿಯಲ್ಲಿ ಯಾವುದೋ ಇಂಗ್ಲಿಷ್ ನಾವೆಲ್ ಹಿಡಿದಿರುತ್ತಿದ್ದೆ.

"ಓದುದ್ರಾ ಅಮ್ಮಾವ್ರೇ?"

"ಹೂಂ, ಅರ್ಧ ಆಯ್ತು ರತ್ನಕ್ಕ."

"ಚೆನ್ನಾಗವ್ಳಾ?"

ನಾವೆಲ್ಲಿನ ಹುಡುಗಿಯ ಬಗ್ಗೆ ಎಷ್ಟು ಅಕ್ಕರೆ ನೋಡಿ, ಅಂದುಕೊಂಡೆ. "ಮೊದಮೊದಲು ಕಷ್ಟಪಟ್ಟಳು. ಈಗ ಪರವಾಗಿಲ್ಲ. ಗಂಡ ಒಳ್ಳೆಯವನು, ಸ್ವಲ್ಪ ಮುಂಗೋಪಿ."

ರತ್ನಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಎಂಥ ಸೆನ್ಸಿಟಿವ್ ಹೆಂಗಸು! ನನ್ನ ಕ್ಲಾಸ್‌ಮೇಟುಗಳಲ್ಲಿ ಒಬ್ಬಳಾದರೂ ಹೀಗೆ ಕಥೆ ಕೇಳಿದ್ದುಂಟೇ? ಉತ್ಸಾಹದಲ್ಲಿ ಇನ್ನೂ ನಾಲ್ಕು ಮಾತು ಸೇರಿಸಿದೆ. ದೊಡ್ಡ ಮನೆ, ಮುಂದೆ ತೋಟ, ಕೊನೆಯಲ್ಲಿ ಎಲ್ಲಾ ಸರಿಹೋಗುತ್ತದೆ ಅಂತ.

ಇನ್ನೊಂದು ಮಧ್ಯಾಹ್ನ ಅವಳು ತಲೆ ಎತ್ತಿ ಹಕ್ಕಿಗಳನ್ನೇ ನೋಡುತ್ತಾ, ತನ್ನಷ್ಟಕ್ಕೆ ನಕ್ಕು, "ಮಗೀಗೆ ನಮ್ಮವ್ವನ ಹೆಸ್ರೇ ಮಡಗವ್ಳೆ" ಅಂದಳು.

"ಯಾರು ರತ್ನಕ್ಕ?"

"ಅದೇ, ಅವ್ಳು" ಅಂದು ಗಲ್ಲ ಮೇಲೆತ್ತಿ ತೋರಿಸಿದಳು. ನೆಂಟರು ಯಾರಿಗೋ ಹೆರಿಗೆಯಾಗಿರಬೇಕು ಅಂತ ನಾನು ಪುಟ ತಿರುವಿದೆ.

ಅದಾದ ನಾಲ್ಕೈದು ದಿನಕ್ಕೆ ಕೇಳಿದಳು. "ಊರಿನ ಹೆಸ್ರು ಬರ್ದವ್ಳಾ ಅಮ್ಮಾವ್ರೇ? ಊರು ಯಾವ್ದು ಅಂದ್ಬುಡಿ. ಬಸ್ಸತ್ತಿ ಓಗಿ ಒಂದಪ ಮಕ ನೋಡ್ಕಬತ್ತೀನಿ."

"ಯಾವುದರಲ್ಲಿ?"

"ಕಾಗ್ದದಲ್ಲಿ. ನಾ ಕೊಟ್ನಲ್ಲ." ತೊಲೆಯ ಕಡೆ ಕೈ ಮಾಡಿದಳು.

ಆಗ ನಮ್ಮ ಮನೆಗಳಲ್ಲಿ ಓದಿ ಮುಗಿಸಿದ ಕಾಗದಗಳನ್ನು ಗೋಡೆಯಲ್ಲಿ ನೇತುಹಾಕಿದ ಕೊಕ್ಕೆತಂತಿಗೆ ಒಂದರ ಮೇಲೊಂದು ಚುಚ್ಚಿಡುತ್ತಿದ್ದರು, ನಿಮಗೆ ನೆನಪಿರಬಹುದು. ಸಾಲಾಗಿ ಚುಚ್ಚಿದೆ ಅಂದರೆ ಓದಿ ಆಗಿದೆ ಅಂತ. ನನ್ನ ದಾರದ ಹಕ್ಕಿಗಳನ್ನು ಅವಳು ಅದೇ ಲೆಕ್ಕದಲ್ಲಿ ನೋಡಿದ್ದಳು. ಇಂಗ್ಲಿಷ್ ಓದಿದವರು ತಂತಿಯ ಬದಲು ದಾರದಲ್ಲಿ, ಚೆಂದವಾಗಿ ಮಡಚಿ ಇಡುತ್ತಾರೆ ಅಂತ. ದಿನಾ ಬಂದು ಕೆಳಗೆ ಕೂತಿದ್ದು ನಾವೆಲ್ ಕೇಳುವುದಕ್ಕಲ್ಲ.

ಅವತ್ತು ಪೂರ್ತಿ ಹೇಳಿದಳು. ಅವಳ ತಂಗಿ ಜಯಿ ತರಕಾರಿ ಲಾರಿಯ ಮಲಯಾಳಿ ಡ್ರೈವರನ ಜೊತೆ ಕಾಡು ದಾಟಿ ಹೋಗಿದ್ದಳು. ಅಣ್ಣಂದಿರು ಅವಳ ಹೆಸರೆತ್ತಬಾರದು ಅಂದರು. ಬರೆಯಲು ಬಾರದ ಜಯಿ ಅಲ್ಲಿ ಯಾರ ಕೈಯಲ್ಲೋ ಬರೆಸಿ, ಗಂಡನ ಗೆಳೆಯನೊಬ್ಬನ ಕೈಯಲ್ಲಿ ಕಳಿಸುತ್ತಿದ್ದಳು. ಏಳು ಕಾಗದ ಬಂದವು. ಅಷ್ಟರಲ್ಲಿ ಅಣ್ಣಂದಿರು ಅವನನ್ನು ಹಿಡಿದು ಹೊಡೆದರು, ಅವನು ಆಮೇಲೆ ಇತ್ತ ತಲೆ ಹಾಕಲಿಲ್ಲ. ಓದಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ ಅಂತ ರತ್ನಕ್ಕ ಏಳನ್ನೂ ಬಂದ ವರಸೆಯಲ್ಲೇ ಜೋಡಿಸಿ, ಬೂಸಾ ಚೀಲದ ಅಡಿಯಲ್ಲಿ ಮೂರು ವರ್ಷ ಇಟ್ಟಿದ್ದಳು. "ನೀವೇ ಬಾಯ್ಬುಟ್ಟು ಕೇಳುದ್ರಲ್ಲ, ಅದ್ಕೇ ಕೊಟ್ಟೆ" ಅಂದಳು.

ನಾನು ನಾವೆಲ್ ಮುಚ್ಚಿದೆ. "ನಾಳೆ ಹೇಳ್ತೀನಿ ರತ್ನಕ್ಕ" ಅಂದೆ.

ಅವಳು ಹೋದ ಮೇಲೆ ಹಕ್ಕಿಗಳನ್ನು ಇಳಿಸಿ ಬಿಚ್ಚಿದೆ. ಮಡಿಕೆ ಬಿಚ್ಚುವಾಗ ಕಾಗದ ಬಿಗಿಹಿಡಿಯಿತು ಅಂದರೆ ನೀವು ನಗುತ್ತೀರಿ. ಬಸ್ ಸ್ಟ್ಯಾಂಡಿನ ಬೇಕರಿಯ ಮಲಯಾಳಿ ಏಲಿಯಮ್ಮನಿಗೆ (ಇಂಗ್ಲಿಷ್ ಬಲ್ಲ ಹೆಂಗಸರೆಲ್ಲ ಅವಳಿಗೆ ಟೀಚರೇ), ನನ್ನ ಹಳೇ ಸ್ನೇಹಿತೆಯದು ಅಂತ ಸುಳ್ಳು ಹೇಳಿ, ಒಲೆಯ ಹಿಂದಿನ ಕೋಣೆಯಲ್ಲಿ ಓದಿಸಿದೆ. ಮಡಿಕೆಗಳ ಮೇಲೆ ಬೆರಳಾಡಿಸುತ್ತಾ ಅವಳು ಓದಿದಳು. ಒಂದರಲ್ಲಿ ಮಳೆ ಜೋರು. ಇನ್ನೊಂದರಲ್ಲಿ ರಾಗಿ ಸಿಗುವುದಿಲ್ಲ, ಬಾಯಿಗೆ ರುಚಿ ಇಲ್ಲ. ಮತ್ತೊಂದರಲ್ಲಿ ಏಲಿಯಮ್ಮ ತಡವರಿಸಿದಳು.

"ಇದೆಂದ್ ಪೇರಾಣ್, ಇದೆಂಥ ಹೆಸರು ಟೀಚರೇ? ಹೆಣ್ಣು ಕುಞ್ಞಿಗೆ ಕೆಂಪಮ್ಮ ಅಂತ ಹೆಸರಿಟ್ಟಿದಾರಂತೆ. ಅಮ್ಮನ ಹೆಸರಂತೆ. ನಮ್ಮ ಕಡೆ ಇಂಥ ಹೆಸರು ನಾನು ಕೇಳಿಯೇ ಇಲ್ಲ."

ಬೇಕರಿಯ ಒಲೆಯ ಶಾಖದಲ್ಲೂ ನನ್ನ ತೋಳಿನ ಕೂದಲು ನೆಟ್ಟಗಾಯಿತು. ಅಜ್ಜಿಯ ಹೆಸರಿಡುವುದು ಅವರಲ್ಲಿ ಪದ್ಧತಿ, ರತ್ನಕ್ಕ ಊಹಿಸಿರಬಹುದು, ಅಂತ ನಾನು ಆಮೇಲೆ ಎಷ್ಟು ಸಲ ಹೇಳಿಕೊಂಡಿದ್ದೇನೋ. ಆದರೆ ಮಗು ಹುಟ್ಟಿದ್ದನ್ನು ಊಹಿಸುವುದು ಹೇಗೆ?

ಇನ್ನೊಂದು ಹಾಳೆ ಜಯಿಯ ಮಾತಲ್ಲ, ಬರೆದುಕೊಡುತ್ತಿದ್ದವಳದೇ. ಜಯಿಗೆ ಜ್ವರ, ಮೂರು ವಾರವಾಯಿತು, ಯಾರ ಗುರುತೂ ಹತ್ತುತ್ತಿಲ್ಲ, ಬೇಗ ಹೊರಟು ಬನ್ನಿ. ಉಳಿದವೆಲ್ಲ ಚೆನ್ನಾಗಿದ್ದೇನೆ ಅಂತಲೇ. "ಇದರಲ್ಲಿ ಕೊನೆಯದು ಯಾವುದು?" ಅಂತ ಕೇಳಿದೆ. ಏಲಿಯಮ್ಮ ಹಾಳೆಗಳನ್ನು ತಿರುವಿ ನೋಡಿ, ಕತ್ತರಿಸಿದ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದಳು. "ತಾರೀಖು, ಊರು, ಹೆಸರು, ಎಲ್ಲಾ ಅಡೀಲಿ ಬರೆಯೋದಲ್ವಾ ಟೀಚರೇ? ಅಡಿ ಎಲ್ಲಿ?"

ಬೂಸಾ ಚೀಲದ ಕೆಳಗೆ ಮೂರು ವರ್ಷ ಕೆಡದೆ ಇದ್ದ ವರಸೆಯನ್ನು ಹಕ್ಕಿ ತೂಗುವುದಕ್ಕೆ ನಾನು ಕೆಡಿಸಿದ್ದೆ. ಜ್ವರದ ಕಾಗದ ಮೂರನೆಯದೋ, ಏಳನೆಯದೋ? ಜಯಿ ಎದ್ದು ಕೂತು ಮತ್ತೆ ಚೆನ್ನಾಗಿದ್ದೇನೆ ಅಂತ ಬರೆಸಿದಳೋ, ಇಲ್ಲವೋ? ಅದು ಬಚ್ಚಲ ಒಲೆಗೆ ಗೊತ್ತು.

ಮಾರನೆಯ ದಿನ ರತ್ನಕ್ಕನಿಗೆ ಏನು ಹೇಳಿದೆ ಗೊತ್ತೇ? "ಊರಿನ ಹೆಸರು ಬರೆದಿಲ್ಲ. ಎಲ್ಲದರಲ್ಲೂ ಚೆನ್ನಾಗಿದ್ದೀನಿ ಅಂತಲೇ ಇದೆ." ಜ್ವರದ ಮಾತೂ ಎತ್ತಲಿಲ್ಲ, ಕತ್ತರಿಯ ಮಾತೂ ಎತ್ತಲಿಲ್ಲ. ಹಾಳೆಗಳನ್ನು ವಾಪಸು ಕೊಡಹೋದರೆ, "ನಿಮ್ಮತ್ರನೇ ಇರ್ಲಿ, ನಮ್ಮನೇಲಿ ಸಿಕ್ಕುದ್ರೆ ಅಣ್ಣದೀರು ಸುಟ್ಟಾಕ್ತಾರೆ" ಅಂದಳು. ನಾನು ತಲೆ ತಗ್ಗಿಸಿದೆ. ಅವಳು ಖಾಲಿ ತೊಲೆಯನ್ನು ನೋಡಿಕೊಂಡು ಸ್ವಲ್ಪ ಹೊತ್ತು ಕೂತು, ಎದ್ದು ಹೋದಳು. ಆಮೇಲೆ ಮಧ್ಯಾಹ್ನದ ಹೊತ್ತು ಬರಲಿಲ್ಲ. ಮುಂದಿನ ವರ್ಷ ನಮಗೆ ಚಾಮರಾಜನಗರಕ್ಕೆ ವರ್ಗವಾಯಿತು.

ಆ ಏಳು ಹಾಳೆ ಒಂದು ಬಿಸ್ಕತ್ ಡಬ್ಬಿಯಲ್ಲಿ ನನ್ನ ಜೊತೆಗೇ ಬಂದವು. ಮೇಲೆ ದಪ್ಪ ಡಿಕ್ಷನರಿ ಇಟ್ಟು ಚಪ್ಪಟೆ ಮಾಡಿ ಮುಚ್ಚಿಡುತ್ತೇನೆ. ಮುಂದಿನ ಸಲ ತೆಗೆದರೆ ನಾಲ್ಕು ಮೂಲೆಯೂ ಎದ್ದಿರುತ್ತವೆ, ರೆಕ್ಕೆಯ ಹಾಗೆ. ಮುಚ್ಚಳವನ್ನು ಒಳಗಿನಿಂದಲೇ ಸ್ವಲ್ಪ ಒತ್ತುತ್ತವೆ. ನಮ್ಮವರು ತೀರಿಕೊಳ್ಳುವವರೆಗೂ ಅವರಿಗೂ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಏನಂತ ಹೇಳುವುದು?

ಗುರುವಾರ ಕುರ್ಚಿಯಲ್ಲಿ ಕೂತವಳು ಏಳುವಾಗ ಮಧ್ಯಾಹ್ನವಾಗಿತ್ತು. ಶನಿವಾರ ಡಬ್ಬಿ ಬ್ಯಾಗಿಗೆ ಹಾಕಿಕೊಂಡು ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಇಂಗ್ಲಿಷಿನಲ್ಲಿ ಜೋಡಿಸಿ, ಕನ್ನಡಕ್ಕೆ ಬಗ್ಗಿಸಿ, ತೆರಕಣಾಂಬಿ ಬರುವಷ್ಟರಲ್ಲಿ ಎರಡನ್ನೂ ಕಳೆದುಕೊಂಡೆ.

ರತ್ನಕ್ಕನ ಮನೆ ಈಗ ಆರ್‌ಸಿಸಿ. ಎಮ್ಮೆ ಇಲ್ಲ, ಅಣ್ಣಂದಿರಿಲ್ಲ, ಗಂಡನೂ ಇಲ್ಲ. ಸೊಸೆ ಬಾಗಿಲು ತೆಗೆದಳು. ಕಣ್ಣಿಗೆ ಪೊರೆ ಬಂದು ಬೆಳ್ಳಗಾದ ರತ್ನಕ್ಕ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಳು. ನನ್ನ ಚಪ್ಪಲಿ ಬಿಡುವ ಸದ್ದಿಗೇ, "ಇಂಗ್ಲೀಸ್ ಅಮ್ಮಾವ್ರಾ? ತಂದ್ರಾ?" ಅಂದಳು.

ಏನನ್ನು ಅಂತ ನಾನು ಕೇಳಲಿಲ್ಲ. ಡಬ್ಬಿ ಕೊಟ್ಟೆ. ಹಾಳೆಗಳ ಮಡಿಕೆಯನ್ನು ಒಂದೊಂದಾಗಿ ತಡವಿದಳು.

"ಬಿಚ್ಬುಟ್ರಲ್ಲ ಅಮ್ಮಾವ್ರೇ. ನೀವು ಬಿಚ್ಚುದ್ಮೇಲೆ ಅವ್ಳು ಮಾತಾಡ್ನೇ ಇಲ್ಲ ಕಣವ್ವ. ಮಡಚಿ, ಇದ್ದಂಗೇ ಮಡಚಿ."

ನನ್ನ ಬೆರಳ ಗೆಣ್ಣುಗಳೆಲ್ಲ ಆರ್ಥ್ರೈಟಿಸ್‌ನಿಂದ ಊದಿವೆ. ಬಳೆ ಹಾಕಿಕೊಳ್ಳಲೂ ಆಗುವುದಿಲ್ಲ. ಆದರೆ ನೆಲದ ಮೇಲೆ ಹಾಳೆ ಇಟ್ಟು ಮುಟ್ಟಿದ್ದಷ್ಟೇ, ಕಾಗದ ತನ್ನ ದಾರಿಯನ್ನು ತಾನೇ ಹಿಡಿಯಿತು. ನಾನು ಮಡಚಿದೆ ಅನ್ನುವುದಕ್ಕಿಂತ ನನ್ನ ಕೈ ಅದರ ಹಿಂದೆ ಹೋಯಿತು. ಏಳು ಹಕ್ಕಿಗಳೂ ಅವಳ ಮಡಿಲು ಸೇರಿದವು. ಅವಳು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದಳು. "ಊಂ... ಊಂ..." ಅಂದಳು. ಒಂದಕ್ಕೆ "ಕಳ್ಳಿ!" ಅಂತ ನಕ್ಕಳು. ಸೊಸೆ ನನ್ನ ಮುಖ ನೋಡಿ, ವಯಸ್ಸಾಯಿತು ಅನ್ನುವ ಹಾಗೆ ಕಣ್ಣು ಮಿಟುಕಿಸಿದಳು. ನಾನು ಮಿಟುಕಿಸಲಿಲ್ಲ. ರತ್ನಕ್ಕನ ಕೆನ್ನೆಯಲ್ಲಿ, ಕೊಕ್ಕು ತಾಗಿದಲ್ಲಿ, ಸಣ್ಣ ಒದ್ದೆಯ ಚುಕ್ಕೆ ಇತ್ತು.

ಕೊನೆಯದನ್ನು ಬಹಳ ಹೊತ್ತು ಹಿಡಿದಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಊರ್ಯಾವ್ದಮ್ಮಿ ಅಂತ ಕೇಳ್ದೆ. ಮಿಕ್ಕುದ್ದೆಲ್ಲ ಯೋಳ್ತಾಳೆ, ಅದೊಂದ ಯೋಳಕ್ಕಾಗದಿಲ್ವಂತೆ. ಅದ ಕತ್ತರ್ಸ್ಬುಟ್ಟವ್ರೆ ಅಂತಾಳೆ."

ಬಸ್ಸಿನಲ್ಲಿ ಕಳೆದುಹೋದ ಮಾತು ಆಗ ಸಿಕ್ಕಿತು. ಬರೀ ಕನ್ನಡದಲ್ಲೇ ಸಿಕ್ಕಿತು. "ಕತ್ತರಿಸಿದ್ದು ನಾನು ರತ್ನಕ್ಕ. ಒಲೆಗೆ ಹಾಕಿದ್ದೂ ನಾನೇ. ಒಂದು ಕಾಗದದಲ್ಲಿ ಜಯಿಗೆ ಜ್ವರ ಅಂತ ಇತ್ತು. ಅದನ್ನೂ ಮುಚ್ಚಿಟ್ಟೆ."

"ಊಂ" ಅಂದಳು. "ನೀವೇ ಅಂತ್ಲೂ ಅಂದ್ಲು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಆರು ಹಕ್ಕಿಗಳನ್ನು ಡಬ್ಬಿಗೆ ಹಾಕಿ, ಒಂದನ್ನು ಮಾತ್ರ ಬೇರೆಯಾಗಿ ರವಿಕೆಯೊಳಗೆ ಇಟ್ಟುಕೊಂಡಳು. ಮಡಚಿದ ಮೇಲೆ ಏಳೂ ಒಂದೇ ಥರ, ಯಾವುದು ಅಂತ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. "ಕಾಪಿ ಮಡಗಮ್ಮಿ" ಅಂತ ಸೊಸೆಗೆ ಹೇಳಿದಳು, "ಅಮ್ಮಾವ್ರು ಬಸ್ಸಿಗೆ ಓಗ್ಬೇಕು."

ಬಾಗಿಲು ದಾಟುವಾಗ ಹಿಂದಿನಿಂದ ಕರೆದಳು. "ಅಮ್ಮಾವ್ರೇ, ಈಗ್ಲಾದ್ರೂ ಊರ ಹುಡುಕ್ಕೊಡಿ. ಓದ್ದೋರು ನೀವು."

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮಲ್ಲಿ ಕಾಡು ದಾಟಿ ಆಚೆ ಹೋಗಿಬರುವವರು ಇರುತ್ತೀರಿ. ಅಲ್ಲಿ ಎಲ್ಲಾದರೂ, ಯಾವುದಾದರೂ ಅಂಗಡಿಯಲ್ಲೋ ಆಸ್ಪತ್ರೆಯ ಸಾಲಿನಲ್ಲೋ, ನಲವತ್ತರ ಆಸುಪಾಸಿನ ಮಲಯಾಳಿ ಹೆಂಗಸೊಬ್ಬಳನ್ನು ಕೆಂಪಮ್ಮ ಅಂತ ಕರೆದದ್ದು ಕಿವಿಗೆ ಬಿದ್ದರೆ, ಪ್ಲೀಸ್, ನಿಂತು ಮಾತಾಡಿಸಿ. ತಾಯಿ ಹೇಗಿದ್ದಾಳೆ ಅಂತ ಕೇಳಿ. ಗುಂಡ್ಲುಪೇಟೆಯಲ್ಲಿ ದೊಡ್ಡಮ್ಮ ಇನ್ನೂ ಇದ್ದಾಳೆ, ಬೇಗ ಒಂದು ಕಾಗದ ಹಾಕು ಅಂತ ಹೇಳಿ. ಊರಿನ ಹೆಸರನ್ನು ಅಡಿಯಲ್ಲಿ ಬರೆಯುವುದು ಬೇಡ, ಎಲ್ಲಕ್ಕಿಂತ ಮೇಲೆ ಬರೆಯಲಿ.